ತಾತನ ಪಾಸಿಂಗ್ ಎಷ್ಟು

ಹೋದ ತಿಂಗಳು ನಮ್ಮ ಅಳಿಯ ಮನೆಗೆ ಒಂದು ತೂಕದ ಮಿಷನ್ ತಂದ. ಮೇಲೆ ನಿಂತರೆ ಕೆಂಪಗೆ ನಂಬರು ತೋರಿಸುತ್ತದಲ್ಲ, ಅದು. ನನ್ನ ಹೊಟ್ಟೆಯ ಮೇಲೆ ಕಣ್ಣಿಟ್ಟೇ ತಂದಿದ್ದಾನೆ ಅಂದುಕೊಂಡು ನಾನು ಸೋಫಾದ ಮೇಲೆ ಉಸಿರು ಬಿಗಿಹಿಡಿದು ಕೂತೆ. ಹಾಗೇನೂ ಇರಲಿಲ್ಲ. ಅವನು ಮೊದಲು ತೂಗಿದ್ದು ಕುಕ್ಕರನ್ನು. ಆಮೇಲೆ ಗ್ಯಾಸಿನ ಒಲೆ, ನೀರಿನ ಕ್ಯಾನು, ನಾಲ್ಕು ದಿಂಬು, ಕೊನೆಗೆ ನನ್ನ ಹೆಂಡತಿಯ ಒಗ್ಗರಣೆ ಡಬ್ಬಿ. ಒಂದೊಂದನ್ನೂ ತೂಗಿ ತೂಗಿ ಲ್ಯಾಪ್‌ಟಾಪಿಗೆ ಹಾಕಿಕೊಂಡ.

"ಏನಪ್ಪಾ ಪ್ರಶಾಂತ, ಮನೆ ಖಾಲಿ ಮಾಡ್ತಿದ್ದೀಯಾ?" ಅಂದೆ.

"ಇಲ್ಲ ಮಾವ, ಮನೆ ತಗೊಳ್ತಾ ಇದ್ದೇನೆ. ಪಿಕಪ್ ಬೆನ್ನಿಗೆ ಕೂರಿಸುವ ಪೆಟ್ಟಿಗೆ ಮನೆ. ವೀಕೆಂಡಿಗೆ ಮರಳುಗಾಡಿಗೆ ಹೋಗಲಿಕ್ಕೆ."

ಅಳಿಯನನ್ನು ಏಕವಚನದಲ್ಲಿ ಕರೆಯುತ್ತೇನೆ ಅಂತ ಹುಬ್ಬೇರಿಸಬೇಡಿ. ಮೊದಮೊದಲು ಅಳಿಯಂದಿರೇ, ನೀವು, ತಾವು ಅಂತಲೇ ಅನ್ನುತ್ತಿದ್ದೆ. "ಮಾವ, ನನಗೆ ಕೋರ್ಟಿನಲ್ಲಿ ನಿಂತ ಹಾಗೆ ಆಗ್ತದೆ ಮಾರಾಯ್ರೆ" ಅಂದ ಮೇಲೆ ಬಿಟ್ಟೆ. ಕುಂದಾಪುರದ ಕಡೆಯ ಹುಡುಗ. ಇಲ್ಲಿ ದೋಹಾದ ಒಂದು ಕಂಪನಿಯಲ್ಲಿ ಸೇಫ್ಟಿ ಆಫೀಸರು. ಗಣಪತಿ ಹಬ್ಬದ ದಿನ ಬೆಂಕಿ ಆರಿಸುವ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಮಂಗಳಾರತಿ ಎತ್ತಿದವನು. ಅಂಥವನು ಮರಳುಗಾಡಿಗೆ ಹೋಗುತ್ತೇನೆ ಅಂದರೆ ತೂಗದೆ ಹೋಗುತ್ತಾನೆಯೇ?

ನನಗೋ ನಗು. ನಾನು ಮೂವತ್ತು ವರ್ಷ ಲಾರಿ ಓಡಿಸಿದವನು. ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ದಿಲ್ಲಿಯ ತನಕ ಹೋಗಿದ್ದೇನೆ. ನನಗೆ ಹೆಣ್ಣು ಕೇಳಲು ಹೋದಾಗ ಜಯಮ್ಮನ ಅಪ್ಪ, "ಮನೆ ಎಲ್ಲಿದೆಯಪ್ಪಾ ಅಂದ್ರೆ ಗಾಡಿ ಮೇಲಿದೆ ಅನ್ನೋನಿಗೆ ಹೆಣ್ಣು ಕೊಡೋದು ಹೆಂಗೆ?" ಅಂದಿದ್ದರು. ಈಗ ನೋಡಿ. ಗಾಡಿಯ ಮೇಲೆ ಮನೆ ಇಡುವುದಕ್ಕೆ ಎಂಜಿನಿಯರಿಂಗ್ ಓದಬೇಕು, ಸಮುದ್ರ ದಾಟಬೇಕು, ದೊಡ್ಡ ಸಂಬಳ ಬರಬೇಕು. ನಾನು ಅದನ್ನೆಲ್ಲ ಏನೂ ಓದದೆ ಮಾಡಿದ್ದೆ, ಆದರೆ ಅದಕ್ಕೆ ಯಾರೂ ವೀಕೆಂಡು ಅಂತ ಹೆಸರಿಟ್ಟಿರಲಿಲ್ಲ.

ನಾವು ಗಂಡ ಹೆಂಡತಿ ದೋಹಾದ ಐನ್ ಖಾಲಿದ್‌ನ ಈ ಮನೆಗೆ ಬಂದು ಎರಡು ತಿಂಗಳಾಯಿತು. ಮೊಮ್ಮಗಳ ಹೆಸರು ಇಂಚರ, ಆರು ವರ್ಷ. ಅವಳ ವಿಷಯಕ್ಕೆ ಇಳಿದರೆ ಪೆಟ್ಟಿಗೆಯ ವಿಷಯ ಅಲ್ಲೇ ನಿಂತುಹೋಗುತ್ತದೆ, ಆದರೂ ಒಂದು ಹೇಳಿಬಿಡುತ್ತೇನೆ. ಅವಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನನಗೂ ಎರಡು ಬಿದ್ದಿವೆ. ಅದೇ ಎರಡು. ಏರ್‌ಪೋರ್ಟಿನಲ್ಲಿ ನನ್ನನ್ನು ಕಂಡವಳೇ ಬಾಯಿ ತೆರೆದು ತೋರಿಸಿ, "ತಾತ, ಸೇಮ್ ಸೇಮ್" ಅಂದಳು. ಹಲ್ಲು ಕಟ್ಟಿಸೋಣ ಅಂತ ಮಗಳು ಸೌಮ್ಯ ಎರಡು ಸಲ ಹೇಳಿದಳು. ನಾನು ಒಪ್ಪಲಿಲ್ಲ. ಅರವತ್ತೆಂಟು ವರ್ಷದಲ್ಲಿ ನನ್ನ ಮುಖದ ಹಾಗೆ ತನ್ನ ಮುಖ ಇದೆ ಅಂತ ಹೆಮ್ಮೆಪಟ್ಟವರು ಇವಳೊಬ್ಬಳೇ. ಅದನ್ನು ಡೆಂಟಿಸ್ಟಿನ ಕೈಗೆ ಕೊಡುವುದೇ?

ಆದರೆ ವಾರದಲ್ಲಿ ಐದು ದಿನ ಅವಳಿಗೆ ಸ್ಕೂಲು, ಹೋಂವರ್ಕು, ಡ್ರಾಯಿಂಗ್ ಕ್ಲಾಸು. ಅವಳು ನನಗೆ ಸಿಗುವುದು ಶುಕ್ರವಾರ, ಶನಿವಾರ ಎರಡೇ ದಿನ. ಆ ಎರಡು ದಿನವನ್ನೇ ಅಳಿಯ ಪಿಕಪ್ ಮೇಲೆ ಹೇರಿಕೊಂಡು ಹೊರಟಿದ್ದ. ಆದ್ದರಿಂದ ಪೆಟ್ಟಿಗೆ ಎಷ್ಟು ದೊಡ್ಡದು, ಅದರೊಳಗೆ ನನಗೆ ಜಾಗ ಇದೆಯೋ ಇಲ್ಲವೋ ಎನ್ನುವುದು ನನಗೆ ಸಣ್ಣ ವಿಷಯ ಆಗಿರಲಿಲ್ಲ. ಮೇಲೆ ಮಾತ್ರ, "ನಂಗೇನಪ್ಪಾ, ನೀವು ಹೋಗಿ ಬನ್ನಿ" ಅನ್ನುತ್ತಿದ್ದೆ. ಹಾಗನ್ನುವಾಗ ಸ್ವಲ್ಪ ಕೆಮ್ಮುತ್ತಲೂ ಇದ್ದೆ.

ಜಯಮ್ಮನ ನಿಲುವು ಮೊದಲ ದಿನವೇ ಖಚಿತವಾಗಿತ್ತು. "ಅರ್ಧ ಆಯಸ್ಸು ಚೊಂಬು ಹಿಡ್ಕೊಂಡು ಬಯಲಿಗೆ ಹೋಗಿದ್ದೀನಿ. ಇಲ್ಲಿ ಮೂರು ಬಾತ್ರೂಮ್ ಇರೋವಾಗ ಮರಳಲ್ಲಿ ಗುಂಡಿ ತೋಡೋಕೆ ವಿಮಾನ ಹತ್ತಿ ಬಂದಿಲ್ಲ ನಾನು. ಖಲಾಸ್." ಖಲಾಸ್, ಅಂದರೆ ಮುಗಿಯಿತು ಅನ್ನುವ ಇಲ್ಲಿನ ಮಾತನ್ನು ಅವಳು ಬಂದ ವಾರದಲ್ಲೇ ಕಲಿತಳು. ಮದುವೆಯಾದಾಗಿನಿಂದ ಅವಳು ಹುಡುಕುತ್ತಿದ್ದ ಮಾತೇ ಅದು ಅಂತ ಕಾಣುತ್ತದೆ.

ಪಾತ್ರೆಪಗಡ ಆದ ಮೇಲೆ ಮನುಷ್ಯರ ಸರದಿ ಬಂತು. ನನ್ನನ್ನು ಮೊದಲ ಸಲ ತೂಗಿದ್ದು ಕೊಬ್ಬರಿ ಮಂಡಿಯಲ್ಲಿ. ನಮ್ಮಪ್ಪ ಅಲ್ಲಿ ಮೂಟೆ ಹೊರುತ್ತಿದ್ದರು. ವ್ಯಾಪಾರ ಮುಗಿದ ಮೇಲೆ ಹಮಾಲಿಗಳು ತಮಾಷೆಗೆ ಮಕ್ಕಳನ್ನೆಲ್ಲ ದೊಡ್ಡ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದಕ್ಕೆ ಕೊಬ್ಬರಿ ಸುರಿಯುತ್ತಿದ್ದರು. ತಟ್ಟೆ ಮೇಲೇಳುವಾಗ ಹೊಟ್ಟೆಯೊಳಗೆ ಕಚಗುಳಿ. ಕೊಬ್ಬರಿಯ ಆ ಎಣ್ಣೆ ವಾಸನೆ, ಗೋಣಿಯ ನಾರು ಚುಚ್ಚುವ ಬರಿ ತೊಡೆ. ಇಳಿಯುವಾಗ ಯಾರೂ ನೋಡದ ಹಾಗೆ ಒಂದು ಹೋಳನ್ನು ಚಡ್ಡಿಯ ಜೇಬಿಗೆ ಸೇರಿಸಿದರೆ ಮರುದಿನದ ಮೇಷ್ಟರ ಏಟೂ ಸಿಹಿ. ನಾಲ್ಕನೇ ಕ್ಲಾಸಿನಲ್ಲಿ ನಾನು ಎರಡು ಸಲ ಫೇಲು. ಮೂರನೇ ಸಲ ಬೆಂಚಿನಡಿ ಕಾಲು ಹಿಡಿಸಲಿಲ್ಲ, ಲಾರಿ ಹತ್ತಿದೆ.

ಲಾರಿಯಲ್ಲಿ ಕಲಿತ ಮೊದಲ ಪಾಠ ಪಾಸಿಂಗ್. ಒಂದು ಗಾಡಿ ಇಷ್ಟೇ ಭಾರ ಹೊರಬಹುದು ಅಂತ ಸರ್ಕಾರದವರು ಬರೆದುಕೊಟ್ಟಿರುತ್ತಾರೆ, ಅದು ಆ ಗಾಡಿಯ ಪಾಸಿಂಗ್. ಲಾರಿಯವರಿಗೆ ಅದು ಪಂಚಾಂಗದ ರಾಹುಕಾಲ ಇದ್ದ ಹಾಗೆ. ಇದೆ ಅಂತ ಎಲ್ಲರಿಗೂ ಗೊತ್ತು, ಅರ್ಜೆಂಟಿದ್ದಾಗ ಯಾರೂ ನೋಡುವುದಿಲ್ಲ. ವೇಬ್ರಿಡ್ಜಿನಲ್ಲಿ ತೂಗುವಾಗ ಹಿಂದಿನ ಚಕ್ರವನ್ನು ಕಬ್ಬಿಣದ ಹಲಗೆಯಿಂದ ಗೇಣುದ್ದ ಆಚೆ ನಿಲ್ಲಿಸಿ, ಏನೂ ಅರಿಯದವನ ಹಾಗೆ ಬೀಡಿ ಹಚ್ಚುವುದು ನಮ್ಮ ಕಸುಬಿನ ಒಂದು ಕಲೆ. ಆ ಕಲೆ ಕೈಬಿಟ್ಟಿರಲಿಲ್ಲ. ಅಳಿಯ, "ಮಾವ, ನೀವು ಬನ್ನಿ" ಅಂದಾಗ ವಾಚು ಬಿಚ್ಚಿಟ್ಟೆ, ಜೇಬಿನ ಕನ್ನಡಕದ ಡಬ್ಬಿ ತೆಗೆದಿಟ್ಟೆ, ಮಿಷನ್ ಮೇಲೆ ನಿಂತು ಎಡಗೈಯ ಎರಡು ಬೆರಳನ್ನು ಗೋಡೆಗೆ ಒತ್ತಿದೆ. ನಂಬರು ಎಪ್ಪತ್ತೊಂದಕ್ಕೆ ಬಂದು ನಿಂತಿತು.

"ತಾತ, ವಾಲ್ ಮುಟ್ಟಬಾರದು" ಅಂದಳು ಇಂಚರ.

"ನಾನೆಲ್ಲಿ ಮುಟ್ಟಿದ್ದೀನಿ ಕಂದಾ?"

"ಫಿಂಗರ್ ಇದೆ ಅಲ್ಲಿ."

ಬೆರಳು ತೆಗೆದೆ. ಎಪ್ಪತ್ತೆಂಟು. ಮೂವತ್ತು ವರ್ಷದಲ್ಲಿ ಯಾವ ಆರ್‌ಟಿಓ ಹಿಡಿಯದ ಕಳ್ಳತನವನ್ನು ಹಿಡಿದ ಮಗುವನ್ನು ಎತ್ತಿ ಮುದ್ದಾಡಿದೆ. ನಾನು ಪಾಸಿಂಗ್ ಪಾಸಿಂಗ್ ಅನ್ನುವುದನ್ನು ಕೇಳಿ ಕೇಳಿ ಅವಳು ಇದೊಂದು ಪರೀಕ್ಷೆ ಅಂತಲೇ ತಿಳಿದುಕೊಂಡಿದ್ದಳು. ಸ್ಕೂಲಿನಲ್ಲಿ ಕೊಟ್ಟ ಚಿನ್ನದ ಬಣ್ಣದ ನಕ್ಷತ್ರಗಳ ಹಾಳೆ ತಂದು, ತೂಕ ಕೊಟ್ಟವರ ಎದೆಗೆಲ್ಲ ಒಂದೊಂದು ಅಂಟಿಸಿದಳು. ಅಪ್ಪ ಪಾಸು, ಅಮ್ಮ ಪಾಸು, ತಾತ ಕಾಪಿ ಹೊಡೆದು ಪಾಸು. ನನಗೆ ಹುಟ್ಟಿದ ಮೇಲೆ ಸಿಕ್ಕ ಮೊದಲ ನಕ್ಷತ್ರ. ಅದನ್ನು ಅಂಟಿಸಿಕೊಂಡೇ ಸಂಜೆ ಕರಕ್ ಚಹಾ ಕುಡಿಯಲು ಹೋದೆ.

ಮುಂದಿನ ಶನಿವಾರ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆವು. ಅಲ್ಲಿ ಹಮೀದಿಕ್ಕ ಅನ್ನುವ ಮಲಬಾರಿನವರು ಇಂಥ ಪೆಟ್ಟಿಗೆ ಕಟ್ಟುತ್ತಾರೆ. ಎರಡು ತಯಾರಾಗಿದ್ದವು. ಒಂದು ಸಣ್ಣದು. ಅಲ್ಯೂಮಿನಿಯಂ ಚೌಕಟ್ಟು, ಚಾವಣಿ ಎತ್ತಿದರೆ ಸುತ್ತ ಬಟ್ಟೆಯ ಗೋಡೆ, ಮೂರು ಜನ ಒತ್ತಿಕೊಂಡು ಮಲಗುವ ಹಾಸಿಗೆ. ಮಡಚಿದರೆ ಟ್ರಂಕು, ಬಿಚ್ಚಿದರೆ ಮನೆ. ಇನ್ನೊಂದು ದೊಡ್ಡದು. ಗಟ್ಟಿ ಗೋಡೆ, ಫ್ರಿಜ್ಜು, ಕಿಟಕಿಗೆ ಪರದೆ, ಮತ್ತೆ ಹಿಂಬದಿಯಲ್ಲಿ ಅಡ್ಡಕ್ಕೆ ಇನ್ನೊಂದು ಮಂಚ.

ಹಮೀದಿಕ್ಕ ಆ ಮಂಚವನ್ನು ತಟ್ಟಿ ಹಿಂದಿಯಲ್ಲಿ, "ಇದು ಅಜ್ಜನಿಗೆ" ಅಂದರು. ನಾನು ಮಲಗಿ ನೋಡಿದೆ. ಇಂಚರ ಪಕ್ಕದಲ್ಲಿ ಬಂದು ಸೇರಿಕೊಂಡು, "ತಾತ, ಇಲ್ಲಿ ಸ್ಕೈ ಕಾಣ್ತದೆ" ಅಂದಳು. ಕಾಣುತ್ತಿತ್ತು. ಅವಳ ಅಮ್ಮ ಆ ವಯಸ್ಸಿನಲ್ಲಿದ್ದಾಗ ನಾನು ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುತ್ತಿದ್ದೆ. ಪ್ರತಿ ಸಲ ಬಂದಾಗಲೂ ಹುಡುಗಿ ಒಂದಂಗುಲ ಬೆಳೆದು ನನ್ನನ್ನು ಹೊಸಬನ ಹಾಗೆ ನೋಡುತ್ತಿದ್ದಳು. ಇಲ್ಲಿ ನಾನು ಹೊಸಬನಲ್ಲ ಅನ್ನುವುದೇ ನನಗೆ ಹೊಸದು. ಮಂಚದಿಂದ ಏಳುವ ಹೊತ್ತಿಗೆ ಸಣ್ಣ ಪೆಟ್ಟಿಗೆಯಲ್ಲಿ ನೂರೆಂಟು ಕೊರತೆ ನನಗೆ ಕಂಡುಬಿಟ್ಟಿದ್ದವು.

"ಬಟ್ಟೆ ಗೋಡೆ, ಗಾಳಿಗೆ ಹಾರಿಹೋಗುತ್ತೆ. ಮರಳು ನುಗ್ಗುತ್ತೆ. ಹಗುರ ಅಂದ್ರೇನೇ ನಮ್ಮ ಕಡೆ ಬೈಗುಳ. ತೂಕ ಇರಬೇಕಪ್ಪಾ, ಮನುಷ್ಯನಿಗೂ ಮನೆಗೂ."

ಸೌಮ್ಯ ನನ್ನ ಪರ. "ದೊಡ್ಡದೇ ಇರಲಿ ರೀ. ಅಪ್ಪನ್ನ ಬಿಟ್ಟು ಹೋಗೋಕಾಗುತ್ತಾ?"

ಲ್ಯಾಪ್‌ಟಾಪಿನ ಲೆಕ್ಕದಲ್ಲಿ ದೊಡ್ಡದು ಗಾಡಿಗೆ ಭಾರ ಅಂತ ಪ್ರಶಾಂತನಿಗೆ ಗೊತ್ತಿತ್ತು, ಆದರೆ ಮಾವನ ಮುಂದೆ ಬಾಯಿ ಬಿಡುವ ಧೈರ್ಯ ಯಾವ ಸೇಫ್ಟಿ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. "ಮಾವ, ನೀವು ಅನುಭವಸ್ಥರು. ದೊಡ್ಡದನ್ನು ಗಾಡಿಗೆ ಏರಿಸಿ ನೋಡುವ. ನೀವು ಹೇಳಿದ್ದೇ ಫೈನಲ್" ಅಂದ. ಎಂಥ ಜಾಣ ನೋಡಿ. ಕತ್ತಿಯನ್ನು ನನ್ನ ಕೈಗೇ ಕೊಟ್ಟ.

"ಯಲ್ಲಾ" ಅಂದರು ಹಮೀದಿಕ್ಕ, ನಡೀರಿ ಅನ್ನುವುದಕ್ಕೆ ಇಲ್ಲಿನ ಅರಬ್ಬಿ ಮಾತು. ಪೆಟ್ಟಿಗೆ ಪಿಕಪ್ಪಿನ ಬೆನ್ನೇರಿತು. ನೀರು ತುಂಬಿಸಿದರು. ನಾವೆಲ್ಲ ಸೀಟಿನಲ್ಲಿ ಕೂತೆವು. ಆಮೇಲೆ ನಾನೊಬ್ಬನೇ ಇಳಿದು ಹಿಂದಿನ ಚಕ್ರದ ಹತ್ತಿರ ಮಂಡಿಯೂರಿ ಬಗ್ಗಿ ನೋಡಿದೆ. ಬಿಲ್ಲಿನ ಹಾಗೆ ಬಾಗಿರಬೇಕಾದ ಸ್ಪ್ರಿಂಗ್ ಪಟ್ಟಿ ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು, ಅದೂ ನಾನು ಇಳಿದ ಮೇಲೆ. ಗಾಡಿಯ ಮೂತಿ ಮೇಲೆದ್ದಿತ್ತು. ಒಂದು ಸಲ ಚಾರ್ಮಾಡಿ ಘಾಟಿಯಲ್ಲಿ ನನ್ನ ಲಾರಿಯ ಮೂತಿ ಹೀಗೇ ಎದ್ದು, ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗದೆ, ಮೂರು ತಿರುವು ನಾನು ಯಾವ ಯಾವ ದೇವರನ್ನು ಕರೆದೆನೋ ಅವರಿಗೇ ಗೊತ್ತು. ಆವತ್ತು ಗಾಡಿಯಲ್ಲಿದ್ದದ್ದು ಕೊಬ್ಬರಿ. ಬಿದ್ದಿದ್ದರೆ ಕೊಬ್ಬರಿ ಬೀಳುತ್ತಿತ್ತು, ಜೊತೆಗೆ ನಾನು. ಇವತ್ತು ಹಿಂದಿನ ಸೀಟಿನ ಗಾಜಿಗೆ ಮೂಗು ಒತ್ತಿಕೊಂಡು ಒಬ್ಬಳು, ಎರಡು ಹಲ್ಲಿಲ್ಲದ ಬಾಯಿ ತೆರೆದು ನನ್ನನ್ನೇ ನೋಡಿ ನಗುತ್ತಿದ್ದಾಳೆ.

ಎದ್ದು ಕೈ ಒರೆಸಿಕೊಂಡೆ. "ಸಣ್ಣದು ತಗೋ" ಅಂದೆ.

"ಅಪ್ಪ, ಅದ್ರಲ್ಲಿ ನೀವೆಲ್ಲಿ ಮಲಗ್ತೀರಿ?" ಅಂದಳು ಸೌಮ್ಯ.

"ನಂಗೇನಮ್ಮಾ. ನೀವು ಹೋಗಿ ಬನ್ನಿ." ಈ ಸಲ ಕೆಮ್ಮು ಬರಲಿಲ್ಲ.

ಆಮೇಲಿನ ನಾಲ್ಕು ದಿನ ನಾನು ತ್ಯಾಗಿಯಾಗಿ ಬಾಳಿದೆ. ಬಹಳ ಸುಖದ ಕೆಲಸ ಅದು, ಯಾರಾದರೂ ಮಾಡಿ ನೋಡಬಹುದು. ಮಗಳು ಕೇಳದೆಯೇ ಎರಡನೇ ಸಲ ಪಾಯಸ ಬಡಿಸಿದಳು. ಅಳಿಯ ಆಫೀಸಿನಿಂದ ಬರುವಾಗ ಖರ್ಜೂರ ತಂದ. ನಾನು ಕಿಟಕಿಯ ಹತ್ತಿರ ಕೂತು, ದೂರಕ್ಕೆ ನೋಡುತ್ತಾ, ಖರ್ಜೂರ ತಿಂದೆ. ನೋಡುವಷ್ಟು ದೂರ ಅಲ್ಲಿರಲಿಲ್ಲ, ಎದುರು ಮನೆಯ ಕಾಂಪೌಂಡು ಅಡ್ಡ ಇತ್ತು.

ಐದನೆಯ ದಿನ ಜಯಮ್ಮ ಸೊಪ್ಪು ಬಿಡಿಸುತ್ತಾ ಕೇಳಿದಳು. "ಅದೇನು ನಾಲ್ಕು ದಿನದಿಂದ ಮುಖ ಹಿಂಗೆ? ಯಾರ ಮನೆ ಸಾವಿಗೆ ಹೋಗಿ ಬಂದ್ರಿ?"

"ಪೆಟ್ಟಿಗೇಲಿ ನಂಗೆ ಮಲಗೋಕೆ ಜಾಗ ಇಲ್ವಂತೆ."

"ಮೂವತ್ತು ವರ್ಷ ಎಲ್ಲಿ ಮಲಗಿದ್ರಿ? ಪಲ್ಲಂಗದ ಮೇಲಾ? ಗಾಡಿಗೆ ಮುಂದೆ ಸೀಟಿಲ್ವಾ?"

ಒಳಗೆ ಪ್ರಶಾಂತನ ಲ್ಯಾಪ್‌ಟಾಪು ತೆರೆದುಕೊಂಡ ಶಬ್ದ ಕೇಳಿತು. ಒಂದು ನಿಮಿಷ ಬಿಟ್ಟು ಅವನೇ ಬಂದ. "ಮಾವ, ಅತ್ತೆ ಹೇಳಿದ್ದು ಸರಿ ಉಂಟು. ದೊಡ್ಡ ಪೆಟ್ಟಿಗೆಯಲ್ಲಿ ನಿಮಗೆ ಮಂಚ ಇತ್ತು, ಆದ್ರೆ ನಿಮ್ಮ ತೂಕಕ್ಕೆ ಜಾಗ ಇರ್ಲಿಲ್ಲ. ಸಣ್ಣದರಲ್ಲಿ ಮಂಚ ಇಲ್ಲ, ತೂಕಕ್ಕೆ ಜಾಗ ಉಂಟು." ಹದಿನಾರು ವರ್ಷ ಓದಿದ ಅವನಿಗೂ, ಹದಿನಾರು ಚಕ್ರದ ಗಾಡಿ ಕಂಡ ನನಗೂ ಹೊಳೆಯದೇ ಹೋದದ್ದು ಸೊಪ್ಪು ಬಿಡಿಸುವವಳಿಗೆ ಹೊಳೆದಿತ್ತು. ನನಗೆ ಸಂತೋಷವಾಯಿತು. ತ್ಯಾಗ ಅಷ್ಟು ಬೇಗ ಮುಗಿದದ್ದಕ್ಕೆ ಒಂಚೂರು ಬೇಜಾರೂ ಆಯಿತು, ಸುಳ್ಳೇಕೆ ಹೇಳಲಿ.

ಶುಕ್ರವಾರ ಬೆಳಿಗ್ಗೆ ಝಕ್ರೀತ್ ಅನ್ನುವ ಕಡಲಂಚಿನ ಮರಳುಗಾಡಿನ ಕಡೆಗೆ ಹೊರಡುವುದು ಅಂತಾಯಿತು. ಪ್ರಶಾಂತ ಪಟ್ಟಿ ಹಿಡಿದು ಒಂದೊಂದನ್ನೇ ಏರಿಸಿದ. ಕುರ್ಚಿಗಳು, ಜನರೇಟರು, ಮರಳಲ್ಲಿ ಹೂತರೆ ಚಕ್ರಕ್ಕೆ ಕೊಡುವ ಹಲಗೆ, ಮತ್ತೆ ಅವನ ಪ್ರಾಣದಂಥ ಕಬ್ಬಿಣದ ಬಾರ್ಬೆಕ್ಯೂ ಒಲೆ. ಅದನ್ನು ಅವನು ಈ ಪ್ರವಾಸಕ್ಕೆಂದೇ ಬೇಸಿಗೆಯಲ್ಲೇ ತಂದು, ಮಗುವಿಗಿಂತ ಹೆಚ್ಚು ಒರೆಸಿಟ್ಟಿದ್ದ. "ಇನ್ನು ಹದಿನೈದು ಕಿಲೋ ಬಾಕಿ. ಕರೆಕ್ಟ್ ಆಯ್ತು" ಅಂದ. ನಾನು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡೂ ಆಗಿತ್ತು.

ಆಗ ಇಂಚರ ಅಜ್ಜಿಯ ಹತ್ತಿರ ಟಾಟಾ ಹೇಳಲು ಹೋದಳು. ಬಾಗಿಲಲ್ಲಿ ನಿಂತ ಜಯಮ್ಮನ ಸೀರೆಗೆ ಅರ್ಧ ಹರಿದ ಒಂದು ನಕ್ಷತ್ರ ಅಂಟಿಸಿ, ಟೀಚರ ಹಾಗೆ ಬೆನ್ನು ತಟ್ಟಿ, "ಅಜ್ಜಿ, ಅಳಬೇಡಿ. ನೆಕ್ಸ್ಟ್ ಟೈಮ್ ನೀವು ಪಾಸ್ ಆಗ್ತೀರಿ" ಅಂದಳು.

"ಯಾರೇ ಫೇಲು?" ಅಂದಳು ಜಯಮ್ಮ.

"ನೀವು. ಅದಕ್ಕೇ ಅಲ್ವಾ ಬರ್ತಿಲ್ಲ?"

ಜಯಮ್ಮ ಒಳಗೆ ಹೋದಳು. ಹೊರಗೆ ಬರುವಾಗ ಕೈಯಲ್ಲಿ ಚೀಲ, ಹೆಗಲ ಮೇಲೆ ಶಾಲು. "ಆ ಪೆಟ್ಟಿಗೇಲಿ ಕಕ್ಕಸ್ಸಿನ ವ್ಯವಸ್ಥೆ ಏನು?" ಅಂತ ನೇರವಾಗಿ ಅಳಿಯನನ್ನೇ ಕೇಳಿದಳು.

ಪ್ರಶಾಂತ ನಾಚಿಕೊಂಡು, "ಮಡಚೋ ಕಮೋಡ್ ಉಂಟು ಅತ್ತೆ. ಸುತ್ತ ಮರೆಯೂ ಉಂಟು" ಅಂದ.

"ಅದನ್ನ ಮೊದ್ಲೇ ಹೇಳೋಕೆ ಏನಾಗಿತ್ತು?"

ಮಿಷನ್ ಹೊರಗೆ ಬಂತು. ಜಯಮ್ಮ ಗೋಡೆ ಮುಟ್ಟದೆ, ಉಸಿರು ಹಿಡಿಯದೆ, ಚೀಲದ ಸಮೇತ ನಿಂತಳು. ಅರವತ್ತೆಂಟು.

ಪ್ರಶಾಂತ ಲೆಕ್ಕ ಮಾಡುವ ಮೊದಲೇ ನಾನು ಮಾಡಿದ್ದೆ. ಹದಿನೈದರ ಜಾಗಕ್ಕೆ ಅರವತ್ತೆಂಟು ಹೊರಿಸಿದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಲವತ್ತು ವರ್ಷದಲ್ಲಿ ಅವಳು ನನ್ನ ಜೊತೆ ಗಾಡಿ ಹತ್ತಿ ಎಲ್ಲಿಗಾದರೂ ಬರುತ್ತೇನೆ ಅಂದದ್ದು ಇದೇ ಮೊದಲು. ನಾನು ಕರೆದದ್ದೂ ಇಲ್ಲ. ಬೆಲ್ಟು ಬಿಚ್ಚಿದೆ, ಇಳಿದೆ. "ನೀನು ಹತ್ತು ಜಯಾ. ನಂಗೆ ಇವತ್ತು ಯಾಕೋ ಸೊಂಟ ಹಿಡಿದಿದೆ" ಅಂದೆ.

"ನಿಮ್ಮ ಸೊಂಟ ನಂಗೊತ್ತಿಲ್ವಾ?" ಅಂದಳು, ಆದರೆ ಹತ್ತಲಿಲ್ಲ. ಇಂಚರ ನಮ್ಮಿಬ್ಬರ ಮುಖ ನೋಡುತ್ತಾ ನಿಂತಳು.

ಹಿಂದೆ ಧಡ್ ಅಂತ ಶಬ್ದವಾಯಿತು. ತಿರುಗಿ ನೋಡಿದರೆ ಬಾರ್ಬೆಕ್ಯೂ ಒಲೆ ನೆಲದ ಮೇಲಿತ್ತು. ಅದರ ಪಕ್ಕಕ್ಕೆ ಜನರೇಟರು ಬಂತು. ಆಮೇಲೆ ಎರಡು ಕುರ್ಚಿ. ಪ್ರಶಾಂತ ಬೆವರು ಒರೆಸಿಕೊಂಡು ಒಲೆಯನ್ನು ಒಂದು ಸಲ ನೋಡಿ, ಮುಖ ತಿರುಗಿಸಿಕೊಂಡು, "ಮಾವ, ಹತ್ತಿ. ಲೇಟಾಗ್ತದೆ" ಅಂದ.

"ಬದನೆಕಾಯಿ ಸುಡೋಕೆ ಅಷ್ಟು ದೊಡ್ಡ ಒಲೆ ಯಾಕಪ್ಪಾ, ನನ್ನ ಗ್ಯಾಸ್ ಒಲೆ ಸಾಕು" ಅಂತ ಜಯಮ್ಮ ಅವನನ್ನು ಸಮಾಧಾನ ಮಾಡಿದಳು. ಅವನು ಸುಡಬೇಕೆಂದಿದ್ದದ್ದು ಬದನೆಕಾಯಿ ಅಲ್ಲ ಅಂತ ನನಗೂ ಅವನಿಗೂ ಮಾತ್ರ ಗೊತ್ತು.

ಆ ಹಗುರದ ಮನೆಯಲ್ಲಿ ಯಾರು ಮಲಗಿದರು ಅಂತ ಕೇಳಿ. ಅಜ್ಜಿ, ಮಗಳು, ಮೊಮ್ಮಗಳು. ವಾರಗಟ್ಟಲೆ ತೂಗಿ ಅಳೆದು ಮನೆ ತಂದ ಯಜಮಾನ ಮುಂದಿನ ಸೀಟಿನಲ್ಲಿ ನನ್ನ ಪಕ್ಕ. ಕಾಲನ್ನು ಡ್ಯಾಶ್‌ಬೋರ್ಡಿನ ಮೇಲೆ ಹೇಗೆ ಚಾಚಬೇಕು, ಟವಲನ್ನು ಕತ್ತಿಗೆ ಹೇಗೆ ಸುತ್ತಬೇಕು ಅಂತ ಹೇಳಿಕೊಟ್ಟೆ. ವಿದ್ಯೆ ಅಂತ ನನ್ನಲ್ಲಿದ್ದದ್ದು ಅಷ್ಟೇ, ಪೂರ್ತಿ ಧಾರೆ ಎರೆದೆ. ಆದರೂ ಬೆಳಿಗ್ಗೆ ಅವನ ಕತ್ತು ಒಂದೇ ಕಡೆಗೆ ತಿರುಗುತ್ತಿತ್ತು.

ಬಿಸಿಲು ಬೀಳುವ ಮೊದಲು ಇಂಚರ ಗಾಜು ಬಡಿದು ಒಳಗೆ ಬಂದು ನಮ್ಮ ನಡುವೆ ತೂರಿಕೊಂಡಳು. ಅಜ್ಜಿ ಗೊರಕೆ ಹೊಡೆಯುತ್ತಾರೆ ಅಂತ ದೂರು ಹೇಳಿದಳು. ಎದುರಿಗೆ ಬಿಳಿ ಬಂಡೆ, ಅದರಾಚೆ ಸಮುದ್ರ. ಅಳಿಯ ಕತ್ತು ಉಜ್ಜಿಕೊಳ್ಳುತ್ತಾ ಕೇಳಿದ.

"ಮಾವ, ಐದು ಜನ ಮಲಗುವ ಪೆಟ್ಟಿಗೆ ಆಗ್ಬೇಕಾದ್ರೆ ಯಾವ ಗಾಡಿ ಬೇಕಾಗ್ತದೆ?"

"ಆರು ಚಕ್ರದ್ದು."

"ಅಂದ್ರೆ ಲಾರಿ."

"ಲಾರಿ."

"ಲಾರಿ ಯಾರು ಓಡಿಸ್ತಾರೆ?" ಅಂದಳು ಇಂಚರ.

ಪ್ರಶಾಂತ ತನ್ನ ಕತ್ತು ತಿರುಗುವ ಒಂದೇ ಕಡೆಗೆ, ಅಂದರೆ ನನ್ನ ಕಡೆಗೆ ತಿರುಗಿದ. "ನಮ್ಮ ಮನೆಯಲ್ಲಿ ಹೆವಿ ಲೈಸೆನ್ಸ್ ಇರುವುದು ತಾತನಿಗೆ ಒಬ್ಬರಿಗೇ" ಅಂದ.

ಮಗು ನನ್ನನ್ನು ನೋಡಿದ ನೋಟ ಏನು ಹೇಳಲಿ. ಆ ಲೈಸೆನ್ಸಿನ ಅವಧಿ ಮುಗಿದು ಐದು ವರ್ಷವಾಯಿತು ಎನ್ನುವುದನ್ನು ಅವತ್ತು ನಾನು ಹೇಳಲಿಲ್ಲ.